ಹರಕಿ ಹೇಳಿ ಗುಡ್ಡ ಹತ್ತಿದವರು

ಬ್ಯಾಡಗಿ ಮತ್ತು ರಾಣೆಬೆನ್ನೂರ ನಡುವೆ ದೇವರಗುಡ್ಡ ಅಂತ ಒಂದು ಸಣ್ಣ ರೈಲ್ವೆ ಸ್ಟೇಷನ್ ಇದೆ. ದೊಡ್ಡ ಗಾಡಿಗಳು ಅದನ್ನು ಕಣ್ಣೆತ್ತಿಯೂ ನೋಡದೆ ದಾಟಿಹೋಗುತ್ತವೆ. ಪ್ಯಾಸೆಂಜರ್ ಮಾತ್ರ ಒಂದು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ನಿಲ್ಲುತ್ತದೆ. ನಮ್ಮ ಸೀಮೆಯಲ್ಲಿ ಸ್ಟೇಷನ್ನಿಗೆ ಹೆಸರು ಬರಬೇಕಾದರೆ ಅಲ್ಲೊಂದು ಪೇಟೆ ಇರಬೇಕು. ಬ್ಯಾಡಗಿಗೆ ಮೆಣಸಿನಕಾಯಿ, ರಾಣೆಬೆನ್ನೂರಿಗೆ ಹತ್ತಿ, ಹಾವೇರಿಗೆ ಒಂದು ಕಾಲದಲ್ಲಿ ಏಲಕ್ಕಿ. ಇದಕ್ಕೆ ಮಾತ್ರ ಗುಡ್ಡದ ಹೆಸರು.

ಗುಡ್ಡ ಅಂದ ತಕ್ಷಣ ಮಲೆನಾಡಿನವರು ನಗಬಾರದು. ಹಾವೇರಿ ಜಿಲ್ಲೆ ಅಂದರೆ ಬಹುಪಾಲು ಬಯಲು. ಎರೆಭೂಮಿ, ಕೆಂಪು ಮಸಾರಿ, ನಡುನಡುವೆ ಕೆರೆ. ಇಂಥ ಬಯಲಿನಲ್ಲಿ ಕಲ್ಲುಬಂಡೆಯ ದಿನ್ನೆಯೊಂದು ಎದ್ದು ನಿಂತರೆ ಅದಕ್ಕೆ ಬರುವ ಮಾನವೇ ಬೇರೆ. ಊರಿನ ಹಳೆಯ ಹೆಸರು ಗುಡ್ಡದ ಗುಡ್ಡಾಪುರ. ಒಂದೇ ಹೆಸರಿನಲ್ಲಿ ಎರಡು ಸಲ ಗುಡ್ಡ! ಮೇಲೆ ಮಾಲತೇಶನ ಗುಡಿ. ಮಾಲತೇಶ ಅಂದರೆ ನಮ್ಮ ಮೈಲಾರಲಿಂಗ, ಮರಾಠಿಗರ ಖಂಡೋಬಾ, ತೆಲುಗರ ಮಲ್ಲಣ್ಣ. ಮಣಿ-ಮಲ್ಲರೆಂಬ ಅಸುರರನ್ನು ಕೊಂದವನು. ಕುರುಬರು, ಬೇಡರು, ಒಕ್ಕಲಿಗರು, ವ್ಯಾಪಾರಸ್ಥರು, ಎಲ್ಲರಿಗೂ ಮನೆದೇವರು. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರ ಹೆಸರಲ್ಲೇ ಈ ದೇವರಿದ್ದಾನೆ. 1930ರಲ್ಲಿ ಗಾಂಧೀಜಿಯ ಜೊತೆ ದಂಡಿಗೆ ನಡೆದು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಎದೆಕೊಟ್ಟವರು ಅವರು.

1884ರಲ್ಲಿ ಬ್ರಿಟಿಷರು ಅಚ್ಚು ಹಾಕಿಸಿದ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲಾ ಗ್ಯಾಝೆಟಿಯರಿನಲ್ಲಿ ಈ ಗುಡ್ಡಕ್ಕೂ ಜಾಗವಿದೆ. ಆಗ ಹಾವೇರಿ ಜಿಲ್ಲೆ ಎಲ್ಲಿತ್ತು, ಅದು ಧಾರವಾಡದಿಂದ ಬೇರೆಯಾದದ್ದು 1997ರಲ್ಲಿ. ಗ್ಯಾಝೆಟಿಯರ್ ಬರೆದ ಸಾಹೇಬರ ಕಣ್ಣಿಗೆ ಬಿದ್ದದ್ದು ವಗ್ಗಯ್ಯಗಳು. ಕಂಬಳಿ ಹೊದ್ದು, ಭಂಡಾರ ಬಳಿದುಕೊಂಡು, ನಾಯಿಯಂತೆ ಬೊಗಳುತ್ತ ದೇವರ ಬಂಟರಾಗುವ ಭಕ್ತರು. ಹಾಲು, ತುಪ್ಪ, ಬಾಳೆಹಣ್ಣು ತುಂಬಿದ ದೋಣಿಗೆ ಬಾಯಿ ಹಚ್ಚಿ ತಿನ್ನುವವರು. ಹೊರಗಿನಿಂದ ಬಂದವನಿಗೆ ಅದು ವಿಚಿತ್ರ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಗ್ಯಾಝೆಟಿಯರುಗಳ ಜಾತ್ರೆಯೇ ಹಾಗೆ. ಎಷ್ಟು ಮಂದಿ ಸೇರಿದರು, ಏನು ಮಾರಾಟವಾಯಿತು, ವೇಷ ಎಂಥದು, ಇಷ್ಟೇ ಅದರ ಲೆಕ್ಕ. ಆ ಮಂದಿಯಲ್ಲಿ ಅರ್ಧದಷ್ಟು ಹೆಂಗಸರು, ಮಕ್ಕಳು. ಅವರು ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು ಬುತ್ತಿ ಕಟ್ಟಿಕೊಂಡು ಬಂದದ್ದು, ಮರದ ನೆರಳಲ್ಲಿ ಗಂಟು ಬಿಚ್ಚಿ ಕೂತದ್ದು, ವರ್ಷಕ್ಕೊಮ್ಮೆ ತವರಿನವರನ್ನು ಅಲ್ಲಿ ಕಂಡು ಅತ್ತದ್ದು, ನಕ್ಕದ್ದು ಅಂಥ ಪುಸ್ತಕಗಳಲ್ಲಿ ಬರುವ ಸಂಗತಿಗಳಲ್ಲ.

ನನಗೆ ಬೇಕಾದ ಚರಿತ್ರೆ ಅದೇ. ಒಂದು ಕುಟುಂಬ ಒಂದು ದಿನದ ಮಟ್ಟಿಗೆ ಮನೆ ಬಿಟ್ಟು ಗುಡ್ಡಕ್ಕೆ ಹೋಗಿ, ಉಂಡು, ಸುತ್ತಿ, ಸಂಜೆ ವಾಪಸ್ ಬರುವುದು. ಈಗ ಅದಕ್ಕೆ ಪಿಕ್ನಿಕ್ ಅಂತೀವಿ, ಔಟಿಂಗ್ ಅಂತೀವಿ. ನಮ್ಮಜ್ಜಿಯ ಬಾಯಲ್ಲಿ ಅದು ಬರೀ ‘ಗುಡ್ಡಕ್ಕ ಹೋಗೂದು’.

ಅಜ್ಜಿಯ ಮನೆ ಬ್ಯಾಡಗಿ. ಅವಳ ಕಾಲದಲ್ಲಿ ಚಕ್ಕಡಿ ಹೊರಡುತ್ತಿದ್ದದ್ದು ಬೆಳ್ಳಿ ಮೂಡುವ ಹೊತ್ತಿಗೆ. ಹಿಂದಿನ ದಿನವೇ ತಯಾರಿ. ಖಡಕ್ ರೊಟ್ಟಿಯ ಥಡಿ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಮಾದಲಿ, ಮೊಸರಿನ ಬುತ್ತಿ. ಚಕ್ಕಡಿಗೆ ಮೇವು ಹಾಸಿ ಮೇಲೆ ಗುಡಾರ ಹರಡಿದರೆ ಮಕ್ಕಳಿಗೆ ಅದೇ ಹಾಸಿಗೆ. ಆ ಮೇವು ಅಲ್ಲಿ ಹೋದ ಮೇಲೆ ಎತ್ತಿಗೂ ಆಯಿತು, ಗುಡಾರ ನೆರಳಿಗೂ ಆಯಿತು. ಗುಡಿಗೆ ಹೋಗಿ ಕಾಯಿ ಒಡೆಸಿ, ಭಂಡಾರ ಹಾರಿಸಿ, ‘ಏಳುಕೋಟಿಗೋ’ ಅಂತ ಕೂಗುವುದಕ್ಕೆ ಹಿಡಿಯುತ್ತಿದ್ದದ್ದು ಒಂದು ತಾಸು. ಉಳಿದ ದಿನವೆಲ್ಲ ಗುಡ್ಡದ ಕೆಳಗಿನ ಬಯಲಿನದು. ಮಕ್ಕಳಿಗೆ ಬೆಂಡು ಬತ್ತಾಸು, ಹೆಂಗಸರಿಗೆ ಬಳೆ, ಗಂಡಸರಿಗೆ ಎತ್ತಿನ ಹಗ್ಗ, ಬಾರುಕೋಲು, ಎಲೆ ಅಡಿಕೆ. ಇದರಲ್ಲಿ ಭಕ್ತಿ ಎಷ್ಟು, ಮೋಜು ಎಷ್ಟು ಅಂತ ತಕ್ಕಡಿಯಲ್ಲಿಟ್ಟು ತೂಗಲು ಹೋದವನಿಗೆ ನಮ್ಮ ಊರಿನವರ ಬಗ್ಗೆ ಏನೂ ಗೊತ್ತಿಲ್ಲ ಅಂತಲೇ ನನ್ನ ಅಭಿಪ್ರಾಯ. ಸಂಕ್ರಾಂತಿಗೆ ವರದಾ-ತುಂಗಭದ್ರೆ ಕೂಡುವಲ್ಲಿ ಮುಳುಗು ಹಾಕಿ ದಂಡೆಯ ಮೇಲೆ ಸಜ್ಜಿ ರೊಟ್ಟಿ ತಿನ್ನುವುದೂ ಹಾಗೇ, ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲುವುದೂ ಹಾಗೇ.

ಆದರೆ ಒಂದು ವ್ಯತ್ಯಾಸ. ಹೊಲ ಮನೆಯದು, ಹೊಳೆ ಊರಿನದು. ಗುಡ್ಡ ಮಾತ್ರ ದೂರದ್ದು. ದೂರ ಹೋಗಬೇಕೆಂದರೆ ಹೆಂಗಸಿಗೆ ಕಾರಣ ಬೇಕು.

ಆ ಕಾರಣದ ಹೆಸರು ಹರಕೆ. ಮಗುವಿಗೆ ಜ್ವರ ಬಂತು, ಹರಕಿ ಹೊತ್ತೆ. ಎಮ್ಮಿ ಈಯಲಿಲ್ಲ, ಹರಕಿ ಹೊತ್ತೆ. ಹರಕೆ ಹೊತ್ತ ಮೇಲೆ ಅದನ್ನು ತಡೆಯುವ ಧೈರ್ಯ ಅತ್ತೆಗೂ ಇಲ್ಲ, ಗಂಡನಿಗೂ ಇಲ್ಲ. ಮೈಲಾರ ಸಿಟ್ಟಿನ ದೇವರು ಬೇರೆ. ನಮ್ಮಜ್ಜಿ ಒಟ್ಟು ಎಷ್ಟು ಹರಕೆ ಹೊತ್ತಿದ್ದಳೋ ಆ ದೇವರೇ ಬಲ್ಲ. ಒಮ್ಮೆ ನಾನು, ‘ಎಲ್ಲಾ ಒಂದ ಸಲ ತೀರಿಸಿ ಬಿಡಬಾರದೇನಜ್ಜಿ’ ಅಂತ ಕೇಳಿದ್ದಕ್ಕೆ ಆಕೆ ಅಕ್ಕಿ ಆರಿಸುತ್ತಲೇ ಹೇಳಿದ್ದು: ‘ದೇವರ ಸಾಲ ಪೂರಾ ಹರಿಬಾರದವ್ವಾ. ಹರಿದ್ರ ಮುಂದಿನ ವರ್ಷ ಗುಡ್ಡಕ್ಕ ಹೋಗಾಕ ಯಾರ್ ಬಿಡ್ತಾರ?’

ಅಂದರೆ ಪ್ರತಿಸಲ ಒಂದು ಹರಕೆ ಬಾಕಿ. ರಜೆಯೆಂಬ ಪದವೇ ಇಲ್ಲದ ಬದುಕಿನಲ್ಲಿ ರಜೆಯನ್ನು ಮುಂಗಡ ಕಾದಿರಿಸುವ ಉಪಾಯ ಇದು. ಆಕೆಯ ಜೊತೆ ಚಕ್ಕಡಿಯಲ್ಲಿ ಬರುತ್ತಿದ್ದ ಕೆಲವರು ಮೆಣಸಿನಕಾಯಿ ತುಂಬು ಬಿಡಿಸುವ ಕೂಲಿಯ ಹೆಂಗಸರು. ದಿನವಿಡೀ ಘಾಟಿನಲ್ಲಿ ಕೂತು, ಕೈಬೆರಳು ಉರಿ ಎದ್ದು, ರಾತ್ರಿ ಅದೇ ಕೈಯಲ್ಲಿ ಮಗುವನ್ನು ಮುಟ್ಟಲು ಹೆದರುವವರು. ವಾರದ ಸಂತೆ ಬಿಟ್ಟರೆ ಅವರು ಕಂಡ ಹೊರಗಿನ ಲೋಕ ಈ ಗುಡ್ಡ ಒಂದೇ.

ಇದು ನಮ್ಮ ಹೆಂಗಸರಿಗಷ್ಟೇ ಹೊಳೆದ ಉಪಾಯ ಅಂತ ತಿಳಿದಿದ್ದೆ. ಒಸಾಕಾದಲ್ಲಿ ಕೆಲಸಕ್ಕಿರುವ ನಮ್ಮ ಸಂಬಂಧಿಕರ ಹುಡುಗನೊಬ್ಬ ಭಾನುವಾರ ಹೆಂಡತಿ ಮಕ್ಕಳ ಜೊತೆ ಇಕೊಮಾ ಎಂಬ ಬೆಟ್ಟಕ್ಕೆ ಹೋದ ಫೋಟೋ ಕಳಿಸಿದ. ಬೆಟ್ಟದ ತುದಿಯಲ್ಲಿ ತಿರುಗುವ ತೊಟ್ಟಿಲು, ಮಕ್ಕಳ ಆಟಿಕೆ, ಡಬ್ಬಿ ಬಿಚ್ಚಿ ಕೂತ ಸಂಸಾರಗಳು. ಹತ್ತಲು ಹಗ್ಗದಿಂದ ಎಳೆಯುವ ರೈಲು. ಓದಿ ನೋಡಿದರೆ ಆ ಹಗ್ಗದ ರೈಲು ಶುರುವಾದದ್ದು 1918ರಲ್ಲಿ, ಬೆಟ್ಟದ ನಡುವಿನ ಹೋಝನ್‌ಜಿ ದೇವಾಲಯದ ಭಕ್ತರಿಗೋಸ್ಕರ. ತುದಿಯ ಆಟದ ಉದ್ಯಾನ ಬಂದದ್ದು 1929ರಲ್ಲಿ. ಟೋಕಿಯೋ ಬಳಿಯ ತಕಾವೊ ಬೆಟ್ಟದ ಕಥೆಯೂ ಇದೇ. ಮೊದಲು ದೇವಾಲಯ, 1927ರಲ್ಲಿ ಹಗ್ಗದ ರೈಲು, ಈಗ ಸಂಸಾರಸಮೇತ ಹೋಗಿ ಬರುವ ಜಾಗ. ಅದಕ್ಕೂ ಹಿಂದೆ, ಟೊಕುಗವಾ ದೊರೆಗಳ ಕಾಲದ ಜಪಾನಿನಲ್ಲಿ ಸಾಮಾನ್ಯ ರೈತ ಊರು ಬಿಟ್ಟು ದೂರ ಹೋಗಬೇಕಾದರೆ ರಹದಾರಿ ಪತ್ರ ಬೇಕಿತ್ತು. ಸುಮ್ಮನೆ ತಿರುಗಾಡಲು ಅದು ಸಿಗುತ್ತಿರಲಿಲ್ಲ. ಇಸೆ ಕ್ಷೇತ್ರದ ಯಾತ್ರೆ ಅಂದರೆ ಸಿಗುತ್ತಿತ್ತು. ಹೀಗಾಗಿ ಜನ ಇಸೆಯ ಹೆಸರು ಹೇಳಿ, ದಾರಿಯುದ್ದಕ್ಕೂ ನಾಟಕ ನೋಡಿ, ಬಿಸಿನೀರಿನ ಬುಗ್ಗೆಯಲ್ಲಿ ಮಿಂದು, ಊರಿಗೆ ತಾಯಿತ ತಂದು ಹಂಚುತ್ತಿದ್ದರು. ಅಜ್ಜಿ ಕೇಳಿದ್ದರೆ ‘ಶ್ಯಾಣ್ಯಾರು’ ಅನ್ನುತ್ತಿದ್ದಳು.

ಒಂದು ವಿಷಯದಲ್ಲಿ ಮಾತ್ರ ನಮ್ಮ ಗುಡ್ಡವೇ ಮೇಲು. ಜಪಾನಿನ ಹಲವು ಪವಿತ್ರ ಬೆಟ್ಟಗಳಿಗೆ ಹೆಂಗಸರಿಗೆ ಪ್ರವೇಶವೇ ಇರಲಿಲ್ಲ. 1872ರಲ್ಲಿ ಅಲ್ಲಿನ ಸರ್ಕಾರ ಆದೇಶ ಹೊರಡಿಸಿ ಆ ನಿಷೇಧ ತೆಗೆಯಬೇಕಾಯಿತು. ಮಾಲತೇಶನ ಗುಡ್ಡಕ್ಕೆ ಅಂಥ ಆದೇಶ ಬೇಕಾಗಲಿಲ್ಲ. ತಡೆ ಇದ್ದದ್ದು ಗುಡ್ಡದ ಬುಡದಲ್ಲಲ್ಲ, ಮನೆಯ ಹೊಸ್ತಿಲಲ್ಲಿ.

ಎಲ್ಲಕ್ಕಿಂತ ದೊಡ್ಡ ದಿನ ಮಹಾನವಮಿ. ಅಂದು ಕಾರಣಿಕ. ಒಂಬತ್ತು ದಿನ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನು ಏರುತ್ತಾನೆ. ಅಲ್ಲಿಯವರೆಗೆ ಡೊಳ್ಳು, ಡಮರುಗ, ಕೂಗು, ಧೂಳು. ಅವನು ಮೇಲೆ ನಿಂತು ‘ಸದ್ದಲೇ’ ಎಂದನೋ, ಸಾವಿರಾರು ಮಂದಿ ಗಪ್‌ಚುಪ್. ತೊಡೆಯ ಮೇಲಿನ ಕೂಸು ಕೂಡ ಸುಮ್ಮನಾಗುತ್ತದೆ ಅಂತ ಅಜ್ಜಿ ಹೇಳುತ್ತಿದ್ದಳು, ನಾನು ಕಂಡಂತೆ ಕೂಸು ಅಳುತ್ತದೆ, ತಾಯಿ ಬಾಯಿಗೆ ಕೈ ಇಡುತ್ತಾಳೆ. ಒಂದೇ ಒಂದು ಮಾತು. ಹೇಳಿದವನೇ ಮೇಲಿಂದ ಬೀಳುತ್ತಾನೆ, ಕೆಳಗೆ ಕಾದವರು ಹಿಡಿಯುತ್ತಾರೆ. ಆಮೇಲೆ ಶುರುವಾಗುವುದೇ ಅರ್ಥದ ಜಗಳ. ಮಳೆಯೇ, ಬೆಳೆಯೇ, ರಾಜಕೀಯವೇ? ಒಬ್ಬ ಹಿಂಗ ಅಂದ್ರ ಇನ್ನೊಬ್ಬ ಹಂಗ.

ಮಹಾನವಮಿಯ ಹೊತ್ತಿಗೆ ಮುಂಗಾರಿನ ಫಸಲು ಕೈಗೆ ಬರುತ್ತಿರುತ್ತದೆ, ಹಿಂಗಾರಿ ಬಿತ್ತನೆಯ ಲೆಕ್ಕಾಚಾರ ನಡೆದಿರುತ್ತದೆ, ಮೆಣಸಿನಗಿಡ ಇನ್ನೂ ಹೊಲದಲ್ಲಿರುತ್ತದೆ. ತುಂಗಭದ್ರೆಯ ಆಚೆ ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ ಇನ್ನೊಂದು ಕಾರಣಿಕ ಭರತ ಹುಣ್ಣಿಮೆಯ ಸುತ್ತಿನಲ್ಲಿ. ಆಗ ಬ್ಯಾಡಗಿ ಪೇಟೆ ಕೆಂಪಗೆ ತುಂಬಿ ತುಳುಕುವ ಕಾಲ. ಒಂದೇ ದೇವರು ಒಕ್ಕಲುತನದ ವರ್ಷದಲ್ಲಿ ಎರಡು ಸಲ ಬಾಯಿ ಬಿಡುತ್ತಾನೆ, ಬಿತ್ತುವ ಮುಂಚೆ ಒಮ್ಮೆ, ಮಾರುವ ಹೊತ್ತಿಗೆ ಒಮ್ಮೆ. ಇದು ಕಾಕತಾಳೀಯವೋ ಅಲ್ಲವೋ, ಕೇಳುವವರ ಕಿವಿಯಂತೂ ಎರಡೂ ಸಲ ಹೊಲ ಮತ್ತು ದರದ ಕಡೆಗೇ ಇರುತ್ತದೆ. ಕುಟುಂಬದ ಗಂಡಸರು ಕಾರಣಿಕ ಕೇಳಲು ಮುಂದೆ ನುಗ್ಗಿದರೆ ಹೆಂಗಸರು ಹಿಂದೆ ಬುತ್ತಿಗಂಟಿನ ಕಾವಲು. ಅರ್ಥ ಬಿಡಿಸುವುದು ಮಾತ್ರ ವಾಪಸ್ ಬರುವಾಗ ಚಕ್ಕಡಿಯಲ್ಲಿ, ಎಲ್ಲರೂ ಸೇರಿ.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಯಿಂದ ಹರಿಹರಕ್ಕೆ ಹಳಿ ಹಾಕಿದಾಗ ಕಂಪನಿಯವರ ಮನಸ್ಸಿನಲ್ಲಿದ್ದದ್ದು ಹತ್ತಿ, ಕಾಳುಕಡಿ. ಯಾತ್ರಿಗಳು ಆ ಹಳಿಯ ಮೇಲಿನ ಕೊಸರು ಲಾಭ. ಆದರೂ ಹಳಿ ಬಂದ ಮೇಲೆ ಹಾವೇರಿಯ ಸಂಸಾರವೂ ಒಂದು ದಿನದಲ್ಲಿ ಗುಡ್ಡ ನೋಡಿ ಮನೆಗೆ ಬಂದು ಮಲಗಬಹುದಾಯಿತು. ನಮ್ಮವ್ವನ ನೆನಪಿನ ಗುಡ್ಡ ಮೀಟರ್ ಗೇಜಿನ ಗುಡ್ಡ. ಕಲ್ಲಿದ್ದಲ ಕಿಡಿ ಬಿದ್ದು ಹೊಸ ಸೀರೆಗೆ ತೂತು, ಅದಕ್ಕೆ ಬೈಗುಳ, ಸ್ಟೇಷನ್ನಿಂದ ತಲೆ ಮೇಲೆ ಗಂಟು ಹೊತ್ತು ನಡಿಗೆ. 1990ರ ದಶಕದಲ್ಲಿ ಬ್ರಾಡ್ ಗೇಜ್ ಬಂದಾಗ ಜನ ಅಷ್ಟರಲ್ಲಾಗಲೇ ಟೆಂಪೋ, ಟ್ರ್ಯಾಕ್ಸು ಹಿಡಿದಿದ್ದರು.

ಮೋಟಾರು ಬಂದ ಮೇಲೆ ದೇವರುಗಳ ಪಟ್ಟಿಯೂ ಉದ್ದವಾಯಿತು. ಬ್ಯಾಡಗಿ ತಾಲೂಕಿನ ಕದರಮಂಡಲಗಿಯ ಕಾಂತೇಶ, ಹಿರೇಕೆರೂರು ಸೀಮೆಯ ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂರೂ ಹನುಮಪ್ಪಗಳನ್ನು ಒಂದೇ ದಿನದಲ್ಲಿ ನೋಡಿದರೆ ಕಾಶಿಗೆ ಹೋದ ಪುಣ್ಯ ಅಂತ ನಂಬಿಕೆ. ಎತ್ತು ಹೂಡಿದ ಚಕ್ಕಡಿಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಅದು ಸಾಧ್ಯವಾಗುವ ಮಾತಲ್ಲ. ಕುದುರೆಯಿದ್ದ ದೇಸಾಯಿಗೆ ಆಗಿದ್ದೀತು. ನಮ್ಮ ನಿಮ್ಮಂಥವರಿಗೆ ಆ ಪುಣ್ಯ ಕೊಟ್ಟದ್ದು ಜೀಪು. ಶ್ರಾವಣದ ಶನಿವಾರ ಈಗ ಆ ದಾರಿಯಲ್ಲಿ ಹೋಗಿ ನೋಡಿ, ಗಾಡಿಗಳ ಸಾಲೇ ಸಾಲು. ಹನುಮಪ್ಪ ಒಬ್ಬೊಬ್ಬರಿಗೆ ಸಿಗುವುದು ಅರೆಗಳಿಗೆ, ರಸ್ತೆ ಇಡೀ ದಿನ.

ಈ ನಡುವೆ ಗುಡ್ಡದ ಕೆಳಗಿನ ನೆಲ ಬದಲಾದದ್ದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ರಾಣೆಬೆನ್ನೂರ ಸುತ್ತಲಿನ ಕುರುಚಲು, ಹುಲ್ಲುಗಾವಲು ಕುರಿಗಾರರ ಮೇವಿನ ನೆಲ. ಜಾತ್ರೆಗೆ ಬಂದ ಚಕ್ಕಡಿಗಳ ಎತ್ತು ಕೊಳ್ಳು ಬಿಚ್ಚಿ ಬಿಡುತ್ತಿದ್ದದ್ದೂ ಇಂಥ ನೆಲದ ಮೇಲೇ. 1950ರ ದಶಕದಿಂದ ಅಲ್ಲಿ ನೀಲಗಿರಿ ನೆಡಲಾಯಿತು. 1974ರಲ್ಲಿ ಸುಮಾರು 119 ಚದರ ಕಿಲೋಮೀಟರನ್ನು ಕೃಷ್ಣಮೃಗ ಅಭಯಾರಣ್ಯವೆಂದು ಘೋಷಿಸಲಾಯಿತು. ಚಿಗರಿಗಳು ಉಳಿದವು, ಹೆಚ್ಚಿದವು, ಅದು ಸಂತೋಷವೇ. ಹಗಲು ನೀಲಗಿರಿಯ ನೆರಳಲ್ಲಿದ್ದು ಸಂಜೆ ಸುತ್ತಲಿನ ಹೊಲಗಳಿಗೆ ಇಳಿಯುವುದನ್ನೂ ಕಲಿತವು, ಅದು ರೈತನನ್ನು ಕೇಳಬೇಕಾದ ಸಂಗತಿ. ಆದರೆ ಬಯಲು ಹುಲ್ಲನ್ನೇ ನಂಬಿದ ಎರೆಭೂತ, ಅದೇ ಕತ್ತೆತ್ತಿ ನಡೆಯುವ ದೊಡ್ಡ ಹಕ್ಕಿ, 1970ರ ದಶಕದಲ್ಲಿ ಇಲ್ಲಿ ಪಕ್ಷಿತಜ್ಞರ ಗಮನ ಸೆಳೆದಿತ್ತು, ಈಗ ಕಾಣುವುದಿಲ್ಲ. ಮರ ನೆಟ್ಟರೆ ಕಾಡು, ಕಾಡಾದರೆ ಒಳ್ಳೆಯದು ಅಂತ ನಂಬಿದ ಕಾಲ ಅದು. ಹುಲ್ಲೂ ಒಂದು ಆಸ್ತಿ ಅಂತ ಕುರುಬನಿಗೆ ಗೊತ್ತಿತ್ತು, ಕಾಗದದಲ್ಲಿ ಇರಲಿಲ್ಲ. ಗುಡ್ಡದ ಬುತ್ತಿಯ ಹಾಗೆಯೇ.

ಚಕ್ಕಡಿಯ ಗತಿ? ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ನಿಗೆ ಹೋಗಿ. ಹಳ್ಳಿಯ ಹಳೆಯ ಬದುಕೆಲ್ಲ ಅಲ್ಲಿ ಆಳೆತ್ತರದ ಗೊಂಬೆಗಳಾಗಿ ನಿಂತಿದೆ. ಎಷ್ಟು ಜೀವಂತ ಅಂದರೆ ನಮ್ಮವ್ವ ಒಂದು ಗೊಂಬೆಗೆ ದಾರಿ ಬಿಡು ಅಂದಳು. ಟಿಕೆಟ್ ತೆಗೆದುಕೊಂಡು, ಅಜ್ಜಿ ಬದುಕಿದ ಬದುಕನ್ನು ಮೊಮ್ಮಕ್ಕಳಿಗೆ ತೋರಿಸಿ ಬರುವುದು ಈಗಿನ ಭಾನುವಾರದ ತಿರುಗಾಟ. ಆ ಕಲಾವಿದರ ಕೈಗೆ ನಾನು ಮುಗಿಯುತ್ತೇನೆ. ಆದರೆ ನಾಲ್ಕು ಜನರ ಸಂಸಾರಕ್ಕೆ ಗಾಡಿ ಖರ್ಚು, ಟಿಕೆಟ್, ಊಟ ಸೇರಿದರೆ ಕೂಲಿಯವರ ಎಷ್ಟು ದಿನದ ದುಡಿಮೆ ಅಂತ ಲೆಕ್ಕ ಹಾಕದೆ ಇರಲಾಗಲಿಲ್ಲ. ಗುಡ್ಡ ಹತ್ತಲು ಮಾಲತೇಶ ಟಿಕೆಟ್ ಕೇಳಿದವನಲ್ಲ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಶುರುವಾಯಿತು. ಸರ್ಕಾರಿ ಸಾದಾ ಬಸ್ಸಿನಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ಶೂನ್ಯ. ಮೊದಲ ವಾರಗಳಲ್ಲೇ ಕ್ಷೇತ್ರಗಳಿಗೆ ಹೋಗುವ ಬಸ್ಸುಗಳೆಲ್ಲ ತುಂಬಿ ತುಳುಕಿದವು. ಅದರ ಹಿಂದೆಯೇ ಮೊಬೈಲಿನಲ್ಲಿ ನಗೆಚಾಟಿಕೆಗಳ ಮಳೆ. ಇವರಿಗೆ ಭಕ್ತಿ ಯಾವಾಗ ಉಕ್ಕಿತು, ಮನೆಯಲ್ಲಿ ಅಡಿಗೆ ಮಾಡುವವರು ಯಾರು, ಬಿಟ್ಟಿ ಸಿಕ್ಕಿತೆಂದು ತಿರುಗಾಟ, ಹೀಗೆ. ನಮ್ಮ ಓಣಿಯ ಕಟ್ಟೆಯ ಮೇಲೂ ಅದೇ ಮಾತು. ಯೋಜನೆಯ ಹಣಕಾಸಿನ ಬಗ್ಗೆ ವಾದ ಮಾಡುವವರು ಮಾಡಲಿ, ಮಾಡಬೇಕಾದದ್ದೇ. ಆದರೆ ‘ಇದು ಭಕ್ತಿಯಲ್ಲ, ಮೋಜು’ ಎಂಬ ಆಕ್ಷೇಪಣೆ ಇದೆಯಲ್ಲ, ಅದು ನನಗೆ ಬಹಳ ಹಳೆಯ ದನಿ ಅನಿಸಿತು. ಅಜ್ಜಿಯ ಹೊಸ್ತಿಲಲ್ಲಿ ನಿಂತಿದ್ದದ್ದೂ ಅದೇ ದನಿ. ಆಕೆ ಅದಕ್ಕೆ ಉತ್ತರ ಕೊಡದೆ ಹರಕೆ ತೋರಿಸಿ ದಾಟಿದಳು. ಗಂಡಸು ಪೇಟೆಗೆ ಹೋದರೆ, ಕಣ ಕಾಯಲು ಹೋದರೆ, ಇಸ್ಪೀಟಿಗೆ ಹೋದರೆ ಯಾವ ದೇವರ ಹೆಸರೂ ಹೇಳಬೇಕಾಗಿರಲಿಲ್ಲ.

ಆ ವರ್ಷದ ದಸರೆಯಲ್ಲಿ ಅವ್ವನನ್ನು ಕರೆದುಕೊಂಡು ನಾನೂ ರಾಣೆಬೆನ್ನೂರಿನಿಂದ ಗುಡ್ಡದ ಬಸ್ಸು ಹಿಡಿದೆ. ಹತ್ತು ಕಿಲೋಮೀಟರಿನ ಆಸುಪಾಸಿನ ದಾರಿ, ಕಾಲಿಡಲು ಜಾಗವಿಲ್ಲ. ಬ್ಯಾಡಗಿಯ ಕಡೆಯ ಏಳೆಂಟು ಹೆಂಗಸರು, ಬೆರಳ ತುದಿಯಲ್ಲಿ ಕೆಂಪು ಕಲೆ. ಕಂಡಕ್ಟರ್ ಸಣ್ಣ ಹುಡುಗ, ಸಾಕಾಗಿ ಹೋಗಿದ್ದ. ‘ಏನ್ ಬೇ ಯಕ್ಕಾ, ಎಲ್ಲಾರೂ ಒಮ್ಮೇ ಹರಕಿ ಹೊತ್ತೀರೇನು?’ ಅಂದ.

‘ಹರಕಿ ಇಲ್ಲೋ ತಮ್ಮಾ, ಹಿಂಗ ನೋಡಾಕ ಹೊಂಟೀವಿ’ ಅಂದಳು ಅವರಲ್ಲಿ ಹಿರಿಯಳು.

ಅವ್ವ ನನ್ನ ಕೈ ಒತ್ತಿದಳು. ಮೇಲೆ ದರ್ಶನ ಮುಗಿಸಿ ಬಂದಾಗ ಅವರೆಲ್ಲ ನೆರಳಲ್ಲಿ ಕೂತು ಮಂಡಕ್ಕಿಗೆ ಶೇಂಗಾ ಕಲಸುತ್ತಿದ್ದರು. ನಮ್ಮನ್ನೂ ಕರೆದರು. ನಮ್ಮ ಗಂಟಿನ ರೊಟ್ಟಿ ಅಲ್ಲಿ ಹೋಯಿತು, ಅವರ ಮಂಡಕ್ಕಿ ಇಲ್ಲಿ ಬಂತು. ಒಬ್ಬಳು ಮಗಳಿಗೆ ವಿಡಿಯೋ ಕಾಲ್ ಮಾಡಿ ಗುಡ್ಡದ ಕೆಳಗಿನ ಗೋವಿನಜೋಳದ ಹೊಲಗಳನ್ನು, ನೀಲಗಿರಿಯ ಸಾಲನ್ನು ಸುತ್ತ ತಿರುಗಿಸಿ ತೋರಿಸಿದಳು. ಇನ್ನೊಬ್ಬಳು ಚಪ್ಪಲಿ ತಲೆದಿಂಬು ಮಾಡಿಕೊಂಡು ನಿದ್ದೆ ಹೋದಳು, ಮಧ್ಯಾಹ್ನ ಮೂರರವರೆಗೆ ಯಾರೂ ಎಬ್ಬಿಸಲಿಲ್ಲ. ಹೊರಡುವಾಗ ಭಂಡಾರ ಕಟ್ಟಿಕೊಳ್ಳಲು ಕಾಗದ ಸಿಗದೆ ಹಿರಿಯಳು ಸೆರಗಿನ ಗಂಟಿನಿಂದ ಬಸ್ಸಿನ ಶೂನ್ಯ ಟಿಕೆಟ್ ತೆಗೆದು, ಅದರಲ್ಲೇ ಒಂದು ಚಿಟಿಕೆ ಹಾಕಿ ಮಡಚಿಕೊಂಡಳು.